ದೊಡ್ಡಮ್ಮನ ಬಲಗೈ



ಮಾತು ಶುರುಮಾಡುವ ಮೊದಲು ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ಒಂದು ಹುಳಿ ಮಾವಿನಕಾಯಿಯನ್ನು ನೆನೆಸಿಕೊಳ್ಳಿ. ಅದನ್ನು ಉದ್ದುದ್ದಕ್ಕೆ ಹೋಳು ಮಾಡಿ, ಮೇಲೆ ಉಪ್ಪು ಸವರಿ, ಕೆಂಪು ಖಾರದ ಪುಡಿ ಉದುರಿಸಿ, ಒಂದು ಹೋಳನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿದಿರಿ ಎಂದುಕೊಳ್ಳಿ.

ಬಾಯಲ್ಲಿ ನೀರೂರಿತಲ್ಲವೆ? ಆ ನೀರು ನಿಜವಾದ ನೀರು. ಮಾವಿನಕಾಯಿ ಮಾತ್ರ ಎಲ್ಲೂ ಇಲ್ಲ. ನೀವೇನು ನಾಟಕವಾಡಿ ಆ ನೀರು ತರಿಸಿಕೊಂಡಿರಾ? ಇಲ್ಲ. ಬೇಡವೆಂದಿದ್ದರೆ ಅದು ನಿಲ್ಲುತ್ತಿತ್ತೆ? ಅದೂ ಇಲ್ಲ. ಮನಸ್ಸಿನಲ್ಲಿ ಒಂದು ನೆನಪು ಹಾದುಹೋಯಿತು, ಮೈ ತನ್ನಷ್ಟಕ್ಕೆ ತಾನೇ ಅದಕ್ಕೆ ಓಗೊಟ್ಟಿತು. ಈ ಹೊತ್ತು ನಾನು ಹೇಳಬೇಕಾದದ್ದೆಲ್ಲ ಈ ಒಂದು ಗುಟುಕಿನಲ್ಲಿದೆ. ಮನಸ್ಸಿನ ದಾರಿಯಲ್ಲಿ ಬಂದ ಮಾತ್ರಕ್ಕೆ ಮೈಯ ನೋವು ಸುಳ್ಳಾಗುವುದಿಲ್ಲ, ಬೇಕೆಂದು ಮಾಡಿಕೊಂಡದ್ದೂ ಆಗುವುದಿಲ್ಲ.

ಇದು ನನಗೆ ಗೊತ್ತಿರದ ಕಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ನನಗಾಗ ಒಂಬತ್ತು ವರ್ಷ. ಒಂದು ಬೆಳಿಗ್ಗೆ ನಮ್ಮ ದೊಡ್ಡಮ್ಮನ ಬಲಗೈ ಮೇಲೇಳಲಿಲ್ಲ. ಇಡೀ ಮನೆಗೆ ಒರಳಿನಲ್ಲಿ ರುಬ್ಬಿ ಹಾಕುತ್ತಿದ್ದ ಕೈ, ಬಾವಿಯಿಂದ ನೀರು ಸೇದುತ್ತಿದ್ದ ಕೈ, ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಲಕ್ವ ಹೊಡೆಯಿತೆಂದು ಎಲ್ಲರೂ ಹೆದರಿದರು. ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸೂಜಿ ಚುಚ್ಚಿ ನೋಡಿದರು, ಮೊಣಕೈಗೆ ಸುತ್ತಿಗೆ ತಟ್ಟಿ ನೋಡಿದರು, ಎಕ್ಸ್‌ರೇ ತೆಗೆದರು. ಕೊನೆಗೆ ಅಲ್ಲಿಂದ ಬಂದ ಮಾತು ಒಂದೇ: ‘ಏನೂ ಇಲ್ಲ, ಕರೆದುಕೊಂಡು ಹೋಗಿ.’

ಆ ಮಾತಿನೊಂದಿಗೆ ಮನೆ ಎರಡು ಭಾಗವಾಯಿತು. ಗಾಳಿ ಸೋಕಿದೆ, ಯಂತ್ರ ಕಟ್ಟಿಸಬೇಕು ಎಂದವರು ಒಂದು ಕಡೆ. ಕೆಲಸ ತಪ್ಪಿಸಿಕೊಳ್ಳಲು ಹೂಡಿದ ನಾಟಕ ಎಂದವರು ಇನ್ನೊಂದು ಕಡೆ. ನಮ್ಮ ಚಿಕ್ಕಪ್ಪ ಒಬ್ಬರು ದೊಡ್ಡಮ್ಮ ಒಬ್ಬರೇ ಇರುವಾಗ ಕೈ ಆಡಿಸುತ್ತಾರೋ ಎಂದು ಬಾಗಿಲ ಸಂದಿಯಲ್ಲಿ ನಿಂತು ಕಾದರು. ಒಂದು ಮಧ್ಯಾಹ್ನ ನಡುಮನೆಯಲ್ಲಿ ಮಲಗಿದ್ದ ದೊಡ್ಡಮ್ಮ ನಿದ್ದೆಗಣ್ಣಿನಲ್ಲಿ, ಅದೇ ಬಲಗೈಯಿಂದ, ಕೆನ್ನೆಯ ಮೇಲೆ ಕೂತ ಸೊಳ್ಳೆಯನ್ನು ಓಡಿಸಿದರು. ಚಿಕ್ಕಪ್ಪ ಮನೆಯವರನ್ನೆಲ್ಲ ಕೂಗಿ ಕರೆದರು. ಕಳ್ಳತನ ಸಿಕ್ಕಿಬಿತ್ತು ಎಂದರು. ಎಚ್ಚರವಾಗಿ ಕೂತ ದೊಡ್ಡಮ್ಮನ ಮುಖ ನನಗೆ ಇಂದಿಗೂ ಮರೆತಿಲ್ಲ. ತಾನು ಏನು ಮಾಡಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಎಲ್ಲರೆದುರು ಕೈ ಎತ್ತಲು ಹೋದರು. ಏಳಲಿಲ್ಲ.

ಆಮೇಲೆ ನಾನು ಮನಶ್ಶಾಸ್ತ್ರ ಓದಿದೆ, ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದೆ. ಚಿಕ್ಕಪ್ಪ ಅಂದು ಕಂಡದ್ದು ನಿಜ, ಅದರ ಅರ್ಥವನ್ನು ಮಾತ್ರ ಅವರು ತಿರುಗುಮುರುಗಾಗಿ ಮಾಡಿದರು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಆ ಸೊಳ್ಳೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಮೈಯೂ ಮನಸ್ಸೂ ಬೇರೆಬೇರೆ ಕೋಣೆಗಳಲ್ಲಿ ವಾಸಿಸುತ್ತವೆ ಎಂದು ಕನ್ನಡ ಎಂದೂ ನಂಬಿದ್ದಿಲ್ಲ. ಕೆಟ್ಟ ಸುದ್ದಿ ಬಂದಾಗ ನಮ್ಮ ಕೈಕಾಲು ಆಡುವುದಿಲ್ಲ, ಜಂಘಾಬಲ ಉಡುಗುತ್ತದೆ. ಹೇಳಲಾಗದ ಮಾತಿಗೆ ಗಂಟಲು ಕಟ್ಟುತ್ತದೆ, ನಾಲಗೆ ಹೊರಳುವುದಿಲ್ಲ. ಮಗು ಅತ್ತರೆ ಕರುಳು ಕಿವುಚುತ್ತದೆ, ನೆರೆಯವನ ಏಳಿಗೆ ಕಂಡರೆ ಹೊಟ್ಟೆ ಉರಿಯುತ್ತದೆ. ನೋವನ್ನು ನುಂಗಿಕೊಳ್ಳುತ್ತೇವೆ, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ. ಹಾಗೆ ನುಂಗಿದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ನಾವು ಕೇಳಿಕೊಳ್ಳುವುದಿಲ್ಲ.

ಬೇಸರವನ್ನು ಬೇಸರವೆಂದು ಹೇಳಲು ಬಾರದ ಹಳ್ಳಿಯವರು, ಓದದವರು, ಪೂರ್ವ ದೇಶದವರು ಮಾತ್ರ ತಲೆನೋವು, ಮೈಕೈ ನೋವು ಎನ್ನುತ್ತಾರೆ ಎಂದು ಕೆಲವು ಕಾಲ ಪಂಡಿತರು ಬರೆದರು. 1999ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. 14 ದೇಶಗಳ 15 ಕೇಂದ್ರಗಳಲ್ಲಿ ನಡೆದ ಆ ಅಧ್ಯಯನಕ್ಕೆ ನಮ್ಮ ಬೆಂಗಳೂರೂ ಒಂದು ಕೇಂದ್ರ. ಸಾಮಾನ್ಯ ವೈದ್ಯರ ಬಳಿ ಬಂದವರಲ್ಲಿ ಖಿನ್ನತೆಯಿದ್ದ 1,146 ಜನರನ್ನು ನೋಡಿದಾಗ, ಅವರಲ್ಲಿ ಶೇಕಡಾ 69 ಜನ ವೈದ್ಯರ ಮುಂದೆ ಇಟ್ಟದ್ದು ಬರೀ ಮೈಯ ದೂರುಗಳನ್ನು. ಇದು ಒಂದೆರಡು ದೇಶದ ಕಥೆಯಲ್ಲ, ಎಲ್ಲ ಕಡೆಯೂ ಹೆಚ್ಚುಕಡಿಮೆ ಇದ್ದದ್ದೇ. ಇದೇ ಅಧ್ಯಯನದಲ್ಲಿ ಇನ್ನೂ ಎರಡು ಸಂಗತಿಗಳಿವೆ. ಅವು ಇದಕ್ಕಿಂತ ದೊಡ್ಡವು. ಅವನ್ನು ಕೊನೆಗೆ ಹೇಳುತ್ತೇನೆ.

ಈಗ ಈ ಕಾಯಿಲೆಗಳ ಹೆಸರು, ರೂಪ ನೋಡೋಣ. ಮೊದಲನೆಯದು ಸೊಮ್ಯಾಟಿಕ್ ಸಿಂಪ್ಟಮ್ ಡಿಸಾರ್ಡರ್. ಮೈಯ ಲಕ್ಷಣವೇ ಬದುಕನ್ನೆಲ್ಲ ಆಕ್ರಮಿಸಿಕೊಳ್ಳುವ ತೊಂದರೆ ಎಂದು ಇಟ್ಟುಕೊಳ್ಳಿ. ಬ್ಯಾಂಕಿನ ಗುಮಾಸ್ತರೊಬ್ಬರನ್ನು ಊಹಿಸಿಕೊಳ್ಳಿ. ಅವರ ಅಣ್ಣ ಹೃದಯಾಘಾತದಿಂದ ತೀರಿಕೊಂಡು ಒಂದು ವರ್ಷವಾಗಿದೆ. ಒಂದು ದಿನ ಮೆಟ್ಟಿಲು ಹತ್ತುವಾಗ ಇವರ ಎದೆ ಡವಗುಟ್ಟುತ್ತದೆ. ಎಲ್ಲರಿಗೂ ಆಗುವಂಥದ್ದೇ. ಆದರೆ ಇವರ ಗಮನ ಅಲ್ಲಿ ಸಿಕ್ಕಿಕೊಂಡಿತು. ಭಯವಾಯಿತು. ಭಯವಾದರೆ ಅಡ್ರಿನಲಿನ್ ಹರಿಯುತ್ತದೆ, ಅದು ಹರಿದರೆ ಎದೆ ಇನ್ನಷ್ಟು ಬಡಿಯುತ್ತದೆ, ಆ ಬಡಿತವೇ ಭಯಕ್ಕೆ ಸಾಕ್ಷಿಯಾಗುತ್ತದೆ. ಇಸಿಜಿ ಮಾಡಿಸಿದರು, ನಾರ್ಮಲ್ ಬಂತು. ಮೂರು ದಿನ ನೆಮ್ಮದಿ. ನಾಲ್ಕನೆಯ ರಾತ್ರಿ ಮತ್ತೆ ಬೆರಳು ನಾಡಿಯ ಮೇಲೆ. ಇನ್ನೊಬ್ಬ ವೈದ್ಯರು, ಇನ್ನೊಂದು ಪರೀಕ್ಷೆ, ಮೊಬೈಲಿನಲ್ಲಿ ನಡುರಾತ್ರಿಯ ಹುಡುಕಾಟ. ಗಾಣದ ಎತ್ತಿನ ಹಾಗೆ ಸುತ್ತಿದ ಕಡೆಯೇ ಸುತ್ತು.

ಈ ಕಾಯಿಲೆಯನ್ನು ಗುರುತಿಸುವ ರೀತಿ 2013ರಲ್ಲಿ ಬದಲಾಯಿತು. ಅಮೆರಿಕದ ಮನೋವೈದ್ಯರ ಸಂಘ ಆ ವರ್ಷ ಡಿಎಸ್‌ಎಂ-5 ಎಂಬ ಕೈಪಿಡಿ ಹೊರತಂದಿತು. ಅದಕ್ಕೆ ಮುಂಚೆ, ಪರೀಕ್ಷೆಗಳಲ್ಲಿ ಕಾರಣ ಸಿಗದಿದ್ದರೆ ಮಾತ್ರ ಇದು ಮನಸ್ಸಿನದು ಎನ್ನುವ ಲೆಕ್ಕವಿತ್ತು. ಅಂದರೆ ರೋಗಿ ತನ್ನ ನೋವಿಗೆ ಪುರಾವೆ ತರಲಾರದೆ ಸೋತಾಗ ಅವನಿಗೆ ಈ ಹೆಸರು. ಹೊಸ ಕೈಪಿಡಿ ಆ ಷರತ್ತನ್ನು ತೆಗೆದುಹಾಕಿತು. ನೋವಿಗೆ ಕಾರಣ ಸಿಕ್ಕಿರಲಿ, ಸಿಗದಿರಲಿ, ಅದರ ಸುತ್ತ ಬೆಳೆದ ಅತಿಯಾದ ಚಿಂತೆ, ಆತಂಕ, ಅದಕ್ಕಾಗಿ ಸುರಿಯುವ ಹೊತ್ತು, ಇವು ಸಾಮಾನ್ಯವಾಗಿ ಆರು ತಿಂಗಳಿಗೂ ಮೀರಿ ಬದುಕನ್ನು ಕಟ್ಟಿಹಾಕಿದರೆ ನೆರವು ಬೇಕು ಎಂದಿತು. ನಿಜಕ್ಕೂ ಹೃದ್ರೋಗ ಇರುವವರಿಗೂ ಈ ತೊಂದರೆ ಇರಬಹುದು. ಮೈಯಲ್ಲಿ ಹೇಳಿಕೊಳ್ಳುವಂಥ ಲಕ್ಷಣವೇ ಇಲ್ಲದೆ ದೊಡ್ಡ ರೋಗ ಬಂದೇಬಿಟ್ಟಿದೆ ಎಂಬ ಭಯವೊಂದೇ ಕಾಡುವುದುಂಟು. ಅದಕ್ಕೆ ಬೇರೆ ಹೆಸರಿದೆ, ರೋಗಭಯದ ಕಾಯಿಲೆ.

ಎರಡನೆಯ ಬಗೆ ನಮ್ಮ ದೊಡ್ಡಮ್ಮನದು. ಕೈ ಬಿದ್ದುಹೋಗುತ್ತದೆ, ಕಾಲು ಎಳೆಯುತ್ತದೆ, ಧ್ವನಿ ಅಡಗುತ್ತದೆ, ಕಣ್ಣು ಕತ್ತಲೆಗಟ್ಟುತ್ತದೆ, ಫಿಟ್ಸಿನ ಹಾಗೆ ಮೈ ಅದುರುತ್ತದೆ. ನರಗಳಲ್ಲಿ ಗಾಯವಿಲ್ಲ, ಮಿದುಳಿನಲ್ಲಿ ಗೆಡ್ಡೆಯಿಲ್ಲ. ಹಳಬರು ಇದನ್ನು ಕನ್ವರ್ಷನ್ ಎಂದರು, ಈಗಿನವರು ಫಂಕ್ಷನಲ್ ನ್ಯೂರಲಾಜಿಕಲ್ ಡಿಸಾರ್ಡರ್ ಎನ್ನುತ್ತಾರೆ. ನಾನು ವಿದ್ಯಾರ್ಥಿಗಳಿಗೆ ವೀಣೆಯ ಉದಾಹರಣೆ ಕೊಡುತ್ತಿದ್ದೆ. ವೀಣೆಯ ಬುರುಡೆ ಒಡೆದಿಲ್ಲ, ತಂತಿ ಕಡಿದಿಲ್ಲ, ಶ್ರುತಿ ಮಾತ್ರ ತಪ್ಪಿದೆ. ವೀಣೆಯನ್ನು ಎಕ್ಸ್‌ರೇ ತೆಗೆದರೆ ಶ್ರುತಿ ತಪ್ಪಿದ್ದು ಕಾಣುತ್ತದೆಯೆ? ಕಾಣಲಿಲ್ಲವೆಂದು ಅಪಸ್ವರ ಸುಳ್ಳೆ?

ಈಗ ಸೊಳ್ಳೆಯ ವಿಷಯ. ಅಮೆರಿಕದ ವೈದ್ಯ ಚಾರ್ಲ್ಸ್ ಹೂವರ್ 1908ರಲ್ಲಿ ಒಂದು ಸರಳ ಪರೀಕ್ಷೆಯನ್ನು ವಿವರಿಸಿದರು. ಕಾಲಿನ ಶಕ್ತಿ ಹೋದವರನ್ನು ಮಲಗಿಸಿ, ಆ ಕಾಲಿನ ಹಿಮ್ಮಡಿಯನ್ನು ಹಾಸಿಗೆಗೆ ಒತ್ತಿ ಎಂದರೆ ಅವರಿಂದ ಆಗುವುದಿಲ್ಲ. ಆದರೆ ಇನ್ನೊಂದು, ಚೆನ್ನಾಗಿರುವ ಕಾಲನ್ನು ಮೇಲೆತ್ತಿ ಎಂದು ಹೇಳಿ ಅದರ ಮೇಲೆ ವೈದ್ಯರು ಕೈಯಿಟ್ಟು ತಡೆದರೆ, ಬಿದ್ದುಹೋದ ಕಾಲು ತಾನಾಗಿಯೇ ಹಾಸಿಗೆಯನ್ನು ಬಲವಾಗಿ ಒತ್ತುತ್ತದೆ. ‘ಒತ್ತಬೇಕು’ ಎಂದು ಮನಸ್ಸಿಟ್ಟಾಗ ಸಿಗದ ಶಕ್ತಿ ಮನಸ್ಸು ಬೇರೆ ಕಡೆಗಿದ್ದಾಗ ಸಿಗುತ್ತದೆ. ದಾರಿ ಸರಿಯಾಗಿದೆ, ಬೇಕೆಂದು ಆ ದಾರಿ ಹಿಡಿಯುವ ಕೀಲು ಕಳಚಿದೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಾನ್ ಸ್ಟೋನ್ ಮತ್ತು ಅವರ ಜೊತೆಗಾರ ನರತಜ್ಞರು ಈ ಪರೀಕ್ಷೆಯನ್ನು ರೋಗಿಯಿಂದ ಮುಚ್ಚಿಡುವುದಿಲ್ಲ, ರೋಗಿಗೇ ತೋರಿಸುತ್ತಾರೆ. ‘ನೋಡಿ, ನಿಮ್ಮ ಕಾಲಿಗೆ ಶಕ್ತಿಯಿದೆ, ಅದು ಮರಳಿ ಬರಬಲ್ಲದು’ ಎಂದು ವಿವರಿಸುತ್ತಾರೆ. ನಮ್ಮ ಚಿಕ್ಕಪ್ಪ ಕಂಡ ಸೊಳ್ಳೆ ಇದೇ. ಒಂದೇ ಲಕ್ಷಣ. ಒಂದು ಕಡೆ ಅದು ಭರವಸೆಯ ಮಾತಾಯಿತು, ನಮ್ಮ ನಡುಮನೆಯಲ್ಲಿ ಕಳ್ಳತನದ ಸಾಕ್ಷಿಯಾಯಿತು.

ಈ ಅಪವಾದಕ್ಕೆ ಬಹಳ ಹಳೆಯ ಇತಿಹಾಸವಿದೆ. ಗ್ರೀಕ್ ಭಾಷೆಯಲ್ಲಿ ಹಿಸ್ಟೆರಾ ಎಂದರೆ ಗರ್ಭಕೋಶ. ಅದು ಹೆಣ್ಣಿನ ಮೈಯೊಳಗೆ ಅಲೆದಾಡಿ ಕಾಯಿಲೆ ತರುತ್ತದೆ ಎಂದು ಹಳೆಯ ಗ್ರೀಕರು ಭಾವಿಸಿದ್ದರು. ಹಿಸ್ಟೀರಿಯಾ ಎಂಬ ಹೆಸರು ಬಂದದ್ದು ಅಲ್ಲಿಂದ. 19ನೆಯ ಶತಮಾನದ ಕೊನೆಗೆ ಪ್ಯಾರಿಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಝಾನ್ ಮಾರ್ಟಿನ್ ಶಾರ್ಕೋ ಎಂಬ ಮಹಾ ನರವೈದ್ಯರು ಇದನ್ನು ಗಂಭೀರವಾಗಿ ತೆಗೆದುಕೊಂಡರು. ಇದು ನಿಜವಾದ ಕಾಯಿಲೆ, ಗಂಡಸರಿಗೂ ಬರುತ್ತದೆ ಎಂದು ಅವರು ಸಾರಿದರು. ಅವರ ಮಂಗಳವಾರದ ಪಾಠಗಳು ಹೆಸರುವಾಸಿ. ರೋಗಿಗಳನ್ನು ಸಭೆಯ ಮುಂದೆ ತಂದು ನಿಲ್ಲಿಸಿ ಪರೀಕ್ಷಿಸುತ್ತಿದ್ದರು. ಅಲ್ಲಿ ರೋಗಿಯ ಮೈಯನ್ನು ನೂರು ಕಣ್ಣು ನೋಡಿದವು. ಅವಳ ಬದುಕಿನ ಕಥೆಯನ್ನು ಕೇಳಿದ ಕಿವಿಗಳು ಕಡಿಮೆ.

ಕೇಳುವ ಕೆಲಸ ವಿಯೆನ್ನಾದಲ್ಲಿ ಮೊದಲಾಯಿತು. 1880ರಲ್ಲಿ ಅಲ್ಲಿನ ಇಪ್ಪತ್ತೊಂದು ವರ್ಷದ ತರುಣಿಯೊಬ್ಬಳು ಕಾಯಿಲೆ ಬಿದ್ದ ತಂದೆಯ ಶುಶ್ರೂಷೆಯಲ್ಲಿದ್ದಾಗ ತಾನೇ ಕಾಯಿಲೆ ಬಿದ್ದಳು. ಬಲಗೈ ಮರಗಟ್ಟಿತು, ತಾಯಿನುಡಿಯಾದ ಜರ್ಮನ್ ಮರೆತು ಕೆಲವು ಕಾಲ ಇಂಗ್ಲಿಷೊಂದೇ ಉಳಿಯಿತು, ಬಾಯಾರಿದರೂ ನೀರು ಕುಡಿಯಲಾಗದಂತಾಯಿತು. ಜೋಸೆಫ್ ಬ್ರಾಯರ್ ಎಂಬ ವೈದ್ಯರು ದಿನವೂ ಬಂದು ಅವಳ ಮಾತು ಕೇಳಿದರು. ಆ ಚಿಕಿತ್ಸೆಗೆ ‘ಮಾತಿನ ಮದ್ದು’ ಎಂಬರ್ಥದ ಹೆಸರು ಕೊಟ್ಟವಳು ಅವಳೇ. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ ಬರೆದ ಪುಸ್ತಕದಲ್ಲಿ ಅವಳು ಅನ್ನಾ ಓ. ಆದಳು. ನಿಜ ಹೆಸರು ಬರ್ತಾ ಪಾಪೆನ್‌ಹೈಮ್. ಬ್ರಾಯರ್ ಬರೆದಷ್ಟು ಬೇಗ ಅವಳು ಗುಣವಾಗಲಿಲ್ಲ, ಚಿಕಿತ್ಸೆ ಮುಗಿದ ಮೇಲೂ ವರ್ಷಗಳ ಕಾಲ ಸ್ಯಾನಿಟೋರಿಯಂಗಳಿಗೆ ಹೋಗಿಬಂದಳು. ಆದರೆ ಅವಳ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1904ರಲ್ಲಿ ಆಕೆ ಜರ್ಮನಿಯಲ್ಲಿ ಯಹೂದಿ ಮಹಿಳೆಯರ ಸಂಘ ಕಟ್ಟಿದರು, ನಿರ್ಗತಿಕ ಹೆಣ್ಣುಮಕ್ಕಳಿಗೆ ಆಶ್ರಯ ತೆರೆದರು. 1954ರಲ್ಲಿ ಪಶ್ಚಿಮ ಜರ್ಮನಿ ಅವರ ಚಿತ್ರವಿರುವ ಅಂಚೆಚೀಟಿ ತಂದಿತು. ನಾಟಕ ಎನಿಸಿಕೊಳ್ಳಬಹುದಾಗಿದ್ದ ಕಾಯಿಲೆಯನ್ನು ದಾಟಿದ ಹೆಂಗಸು ಎಷ್ಟು ಜನರ ಬದುಕಿಗೆ ಊರುಗೋಲಾದರು, ನೋಡಿ.

ಇದು ಹೆಣ್ಣಿನ ದೌರ್ಬಲ್ಯ ಎನ್ನುವ ಮಾತನ್ನು ಮೊದಲ ಮಹಾಯುದ್ಧ ಒಡೆದುಹಾಕಿತು. ಕಟ್ಟುಮಸ್ತಾದ ಸಿಪಾಯಿಗಳು ಕಂದಕಗಳಿಂದ ಮೂಕರಾಗಿ, ಕುರುಡರಾಗಿ, ನಡುಗುತ್ತಾ ಬಂದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ‘ಶೆಲ್ ಶಾಕ್’ ಎಂದು ಕರೆದರು. ಗುಂಡು ಸಿಡಿದ ಅದುರಿಗೆ ಮಿದುಳು ಘಾಸಿಯಾಗಿದೆ ಎಂಬ ಊಹೆ ಮೊದಲಿಗಿತ್ತು. ಸಿಡಿತದ ಹತ್ತಿರವೇ ಇರದವರಿಗೂ ಇದು ಬಂದಾಗ ಆ ಊಹೆ ನಿಲ್ಲಲಿಲ್ಲ. ಲಂಡನ್ನಿನಲ್ಲಿ ಲೂಯಿಸ್ ಯೀಲೆಂಡ್ ಎಂಬ ವೈದ್ಯರು ಮೂಕರಾದವರ ಗಂಟಲಿಗೆ ವಿದ್ಯುತ್ ಹಾಯಿಸಿ ಮಾತು ಹೊರಡಿಸಿದರು. ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಡಬ್ಲ್ಯೂ. ಎಚ್. ಆರ್. ರಿವರ್ಸ್ ಬೇರೆಯದೇ ದಾರಿ ಹಿಡಿದರು. ಈ ರಿವರ್ಸ್ ನಮಗೆ ಅಪರಿಚಿತರಲ್ಲ. ನಮ್ಮ ಗಡಿಯಾಚೆಯೇ ಇರುವ ನೀಲಗಿರಿಗೆ ಬಂದು, ತೋಡ ಬುಡಕಟ್ಟಿನವರ ನಡುವೆ ಕೆಲಸ ಮಾಡಿ, 1906ರಲ್ಲಿ ಅವರ ಬಗ್ಗೆ ದೊಡ್ಡ ಗ್ರಂಥ ಬರೆದವರು. ಬೆಟ್ಟದ ಜನರ ಮಾತನ್ನು ಹೇಗೆ ಕೂತು ಕೇಳಿದ್ದರೋ ಹಾಗೆಯೇ ಅವರು ಯುದ್ಧದಿಂದ ಬಂದ ಅಧಿಕಾರಿಗಳ ಮಾತನ್ನೂ ಕೇಳಿದರು. ಕಂಡ ಘೋರವನ್ನು ಮರೆತುಬಿಡಿ ಎಂದು ಒತ್ತಾಯಿಸುವುದೇ ಕೆಡುಕು, ಅದನ್ನು ಎದುರಿಗಿಟ್ಟುಕೊಂಡು ಮಾತಾಡಬೇಕು ಎಂಬುದು ಅವರ ನಿಲುವು.

ಎಲ್ಲರಿಗೂ ರಿವರ್ಸ್ ಸಿಗಲಿಲ್ಲ. ಆ ಯುದ್ಧದಲ್ಲಿ ಓಡಿಹೋದರು, ಹೇಡಿಗಳು ಎಂದು ಬ್ರಿಟಿಷ್ ಸೈನ್ಯ ತನ್ನವರಿಗೇ ಗುಂಡಿಕ್ಕಿತು. ಅವರಲ್ಲಿ ಶೆಲ್ ಶಾಕ್ ಆದವರೂ ಇದ್ದರು. 2006ರಲ್ಲಿ ಬ್ರಿಟನ್ ಅಂಥ 306 ಸೈನಿಕರಿಗೆ ಕ್ಷಮಾದಾನ ಕೊಟ್ಟಿತು, ತೊಂಬತ್ತು ವರ್ಷ ತಡವಾಗಿ. ‘ನಾಟಕ’ ಎಂಬ ಒಂದು ಮಾತಿಗೆ ಇಷ್ಟು ಬೆಲೆ ತೆರಬೇಕಾಗಿ ಬಂದದ್ದುಂಟು.

ಮೂರನೆಯ ಬಗೆ ಡಿಸೋಸಿಯೇಶನ್. ಪಠ್ಯಪುಸ್ತಕದ ಕನ್ನಡದಲ್ಲಿ ವಿಯೋಜನೆ. ಕಾದಂಬರಿ ಓದುತ್ತಾ ಕೂತಾಗ ಒಲೆಯ ಮೇಲಿನ ಹಾಲು ಉಕ್ಕಿಹೋದದ್ದು ತಿಳಿಯದಿರುವುದು, ಬೆಂಗಳೂರಿನಿಂದ ಕಾರು ಓಡಿಸಿಕೊಂಡು ಬಂದವರಿಗೆ ರಾಮನಗರ ಯಾವಾಗ ದಾಟಿತೆಂದು ನೆನಪಿರದಿರುವುದು, ಇವೆಲ್ಲ ಅದರ ಎಳೆಯ ರೂಪಗಳು. ನಮ್ಮೆಲ್ಲರಿಗೂ ಆಗುತ್ತವೆ, ಕಾಯಿಲೆಯಲ್ಲ. ನೆನಪು, ಅರಿವು, ‘ನಾನು’ ಎಂಬ ಭಾವ, ಮೈಮೇಲಿನ ಹಿಡಿತ ಇವನ್ನೆಲ್ಲ ಮನಸ್ಸು ಒಂದೇ ದಾರದಲ್ಲಿ ಮಾಲೆಯಾಗಿ ಕಟ್ಟಿರುತ್ತದೆ. ತಡೆಯಲಾರದ ಸಂಕಟ ಬಂದಾಗ ದಾರ ಅಲ್ಲಲ್ಲಿ ಕಳಚುತ್ತದೆ. ಹೂಗಳು ಅಲ್ಲೇ ಇರುತ್ತವೆ, ಮಾಲೆ ಇರುವುದಿಲ್ಲ. ಫ್ರಾನ್ಸಿನ ಪಿಯರ್ ಝಾನೆ 1889ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಬಗೆಯ ಕಳಚುವಿಕೆಯನ್ನು ವಿವರವಾಗಿ ಬರೆದರು.

ಅದಕ್ಕೂ ಎರಡು ವರ್ಷ ಮುಂಚೆ, 1887ರ ಜನವರಿಯಲ್ಲಿ, ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಆನ್ಸೆಲ್ ಬೋರ್ನ್ ಎಂಬ ಧರ್ಮಬೋಧಕ ಬ್ಯಾಂಕಿನಿಂದ ಹಣ ತೆಗೆದುಕೊಂಡು ಹೊರಟವನು ಕಾಣೆಯಾದ. ಮಾರ್ಚಿನ ಒಂದು ಬೆಳಿಗ್ಗೆ ಪೆನ್ಸಿಲ್ವೇನಿಯಾದ ನಾರಿಸ್‌ಟೌನಿನಲ್ಲಿ ಅಂಗಡಿಯಿಟ್ಟುಕೊಂಡಿದ್ದ ಎ. ಜೆ. ಬ್ರೌನ್ ಎಂಬ ಸಾಧು ವ್ಯಾಪಾರಿ ಹೆದರಿ ಎದ್ದು, ತಾನು ಎಲ್ಲಿದ್ದೇನೆಂದು ಮನೆಯವರನ್ನು ಕೇಳಿದ. ತನ್ನ ಹೆಸರು ಬೋರ್ನ್ ಎಂದ. ಅಂಗಡಿಯ ವಿಚಾರವೇ ಅವನಿಗೆ ಗೊತ್ತಿರಲಿಲ್ಲ. ನಡುವಿನ ಎರಡು ತಿಂಗಳು ಅಳಿಸಿಹೋಗಿತ್ತು. 1890ರಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅವನನ್ನು ಸಂಮೋಹನಕ್ಕೆ ಒಳಪಡಿಸಿದಾಗ ಬ್ರೌನನ ನೆನಪು ಮತ್ತೆ ಮಾತಾಡಿತು. ಇಂಥದ್ದು ಅಪರೂಪ. ಒಬ್ಬರಲ್ಲೇ ಹಲವು ವ್ಯಕ್ತಿತ್ವಗಳು ಕಾಣಿಸಿಕೊಳ್ಳುವ ಕಾಯಿಲೆಯೂ ಅಪರೂಪ, ಸಿನಿಮಾಗಳು ತೋರಿಸುವಷ್ಟು ಭಯಂಕರವೂ ಅಲ್ಲ. ಅಂಥವರ ಬಾಲ್ಯದಲ್ಲಿ ಅನೇಕ ವೇಳೆ ಹೇಳಲಾಗದ ಹಿಂಸೆ ಇರುತ್ತದೆ. ಇನ್ನು ಕೆಲವರಿಗೆ ತಮ್ಮ ಮೈಯನ್ನು ತಾವೇ ದೂರದಿಂದ ನೋಡುತ್ತಿರುವಂತೆ, ಸುತ್ತಲ ಲೋಕ ಗಾಜಿನ ಆಚೆಗಿರುವಂತೆ ಅನ್ನಿಸುತ್ತದೆ. ಹುಚ್ಚು ಹಿಡಿಯಿತೋ ಎಂದು ಅವರು ಒಳಗೇ ಹೆದರುತ್ತಾರೆ. ಅದಕ್ಕೂ ಹೆಸರಿದೆ, ನೆರವಿದೆ.

ಮೈಮೇಲೆ ಬರುವುದು ಎಂಬ ಮಾತು ಈ ಹೊತ್ತಿಗೆ ನಿಮ್ಮ ಮನಸ್ಸಿಗೆ ಬಂದಿರಬಹುದು. ಇದನ್ನು ಎಚ್ಚರದಿಂದ ಹೇಳಬೇಕು. ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ಎಡಿನ್‌ಬರೋದ ಪ್ರಾಧ್ಯಾಪಕ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ನಮ್ಮ ದೇಶದ ಮನೋವೈದ್ಯ ಆರ್. ಎಲ್. ಕಪೂರ್ ಅಧ್ಯಯನ ಮಾಡಿ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕ ಪ್ರಕಟಿಸಿದರು. ಬ್ರಾಹ್ಮಣರು, ಬಂಟರು, ಮೊಗವೀರರು ಇದ್ದ ಆ ಊರಿನಲ್ಲಿ ಸಂಕಟಪಟ್ಟವರು ಡಾಕ್ಟರ ಬಳಿ, ನಾಟಿ ವೈದ್ಯರ ಬಳಿ, ಮಂತ್ರವಾದಿಯ ಬಳಿ, ದೈವ ಮೈಮೇಲೆ ಬರುವ ಪಾತ್ರಿಯ ಬಳಿ ಹೋಗುತ್ತಿದ್ದುದನ್ನು ಅವರು ಹೀಗಳೆಯದೆ ದಾಖಲಿಸಿದರು. ಹೊತ್ತು ಗೊತ್ತು, ಕಟ್ಟು ಕಟ್ಟಳೆ ಇಟ್ಟುಕೊಂಡು ಕೋಲದಲ್ಲಿ ದೈವದ ಆವೇಶ ಬರುವುದು ಕಾಯಿಲೆಯಲ್ಲ. ಅದು ಒಂದು ಸಮುದಾಯದ ನಂಬಿಕೆ, ವಿದ್ಯೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಹೀಗೆ ಪರಂಪರೆ ಒಪ್ಪಿದ ಆವೇಶವನ್ನು ರೋಗದಿಂದ ಹೊರಗಿಟ್ಟಿದೆ. ಬೇಡವೆಂದರೂ, ಹೊತ್ತಲ್ಲದ ಹೊತ್ತಿನಲ್ಲಿ, ಮತ್ತೆ ಮತ್ತೆ ಬಂದು ಸಂಸಾರವನ್ನೂ ಕೆಲಸವನ್ನೂ ಕೆಡಿಸಿದರೆ ಆಗ ಅದು ನೆರವು ಬೇಡುವ ಸಂಕಟ. ಆ ಸಂಕಟಕ್ಕೆ ಪೊರಕೆಯ ಏಟು, ಮೆಣಸಿನಕಾಯಿ ಹೊಗೆ ಉತ್ತರವಾಗಬಾರದು. ಭೂತ ಬಿಡಿಸುವ ನೆಪದಲ್ಲಿ ಹೊಡೆದು ಹಿಂಸಿಸುವುದನ್ನು ನಮ್ಮ ರಾಜ್ಯದ 2017ರ ಕಾಯ್ದೆ ಅಪರಾಧವೆಂದು ಸಾರಿದೆ.

ಇಷ್ಟೆಲ್ಲ ಕೇಳಿ ಯಾರೂ ಮನೆಯಲ್ಲೇ ಕೂತು ತೀರ್ಪು ಕೊಡಬೇಡಿ. 1965ರಲ್ಲಿ ಇಂಗ್ಲೆಂಡಿನ ಮನೋವೈದ್ಯ ಎಲಿಯಟ್ ಸ್ಲೇಟರ್, ಹಿಸ್ಟೀರಿಯಾ ಎಂದು ಹಣೆಪಟ್ಟಿ ಹಚ್ಚಿಸಿಕೊಂಡವರಲ್ಲಿ ಎಷ್ಟೋ ಜನರಿಗೆ ಮುಂದೆ ಬೇರೆ ರೋಗ ಹೊರಬಿತ್ತು ಎಂದು ಎಚ್ಚರಿಸಿದರು. 2005ರಲ್ಲಿ ಜಾನ್ ಸ್ಟೋನ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, 1950ರ ದಶಕದಲ್ಲಿ ಶೇಕಡಾ 29 ಇದ್ದ ಈ ತಪ್ಪು 1970ರಿಂದ ಈಚೆಗೆ ಶೇಕಡಾ 4ಕ್ಕೆ ಇಳಿದಿತ್ತು. ಕಡಿಮೆಯಾದರೂ ತಪ್ಪು ಪೂರ್ತಿ ಇಲ್ಲವಾಗಿಲ್ಲ. ಕೈ ಬಿದ್ದುಹೋದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಎದೆ ನೋವು ಬಂದರೆ ಮೊದಲು ಆಸ್ಪತ್ರೆ. ಕಣ್ಣು ಬಿಗಿಯಾಗಿ ಮುಚ್ಚಿರುವುದು, ತಲೆ ಅತ್ತಿತ್ತ ಆಡಿಸುವುದು, ಬಹಳ ಹೊತ್ತು ನಡೆಯುವುದು ಮನಸ್ಸಿಗೆ ಸಂಬಂಧಿಸಿದ ಫಿಟ್ಸಿನ ಸುಳಿವುಗಳಾಗಿರಬಹುದು. ಆದರೆ ಒಬ್ಬರಿಗೇ ಎರಡು ಬಗೆಯ ಫಿಟ್ಸೂ ಇರುವುದುಂಟು. ವಿಡಿಯೋ ಮತ್ತು ಮಿದುಳಿನ ಅಲೆ ಅಳೆಯುವ ಇಇಜಿ ಜೊತೆಯಾಗಿ ನೋಡಿ ಹೇಳುವ ಕೆಲಸ ತಜ್ಞರದು.

ಮನೆಯವರು ಮಾಡಬಹುದಾದದ್ದು ಬೇರೆ ಇದೆ. ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಗೊಂಚಲು ತುರುಕಬೇಡಿ, ಬಾಯಿಗೆ ನೀರು ಹಾಕಬೇಡಿ, ಕೆನ್ನೆಗೆ ಹೊಡೆಯಬೇಡಿ. ಸುತ್ತ ಇರುವ ಗಟ್ಟಿ ವಸ್ತು ಸರಿಸಿ, ಒಂದು ಮಗ್ಗುಲಿಗೆ ಮಲಗಿಸಿ, ಗುಂಪು ಚದುರಿಸಿ, ಮೆಲ್ಲಗೆ ಮಾತಾಡಿಸಿ. ಕಾಯಿಲೆ ಇಂಥದ್ದೆಂದು ಗೊತ್ತಾದ ಮೇಲೆ ಊರೂರಿನ ವೈದ್ಯರನ್ನು ಸುತ್ತುವುದಕ್ಕಿಂತ ನಂಬಿಕೆಯ ಒಬ್ಬ ವೈದ್ಯರನ್ನು ಹಿಡಿದುಕೊಂಡು, ನೋವು ಹೆಚ್ಚಾಗಲಿ ಕಡಿಮೆಯಾಗಲಿ, ಗೊತ್ತಾದ ದಿನ ಹೋಗಿ ಕಾಣುವುದು ಒಳ್ಳೆಯದು. ಬಿದ್ದುಹೋದ ಕೈಕಾಲಿಗೆ ಇದನ್ನು ಬಲ್ಲ ಫಿಸಿಯೋಥೆರಪಿಯಿಂದ ಪ್ರಯೋಜನವಿದೆ. ಆಲೋಚನೆ ಮತ್ತು ನಡವಳಿಕೆಯ ಸುತ್ತನ್ನು ಬಿಡಿಸುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಿದೆ. ಅದು ಮಂತ್ರದಂಡವಲ್ಲ. ಬ್ರಿಟನ್ನಿನಲ್ಲಿ ಮನಸ್ಸಿಗೆ ಸಂಬಂಧಿಸಿದ ಫಿಟ್ಸಿದ್ದ 368 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವರ್ಷದ ಕೊನೆಗೆ ತಿಂಗಳಿಗೆ ಬರುವ ಫಿಟ್ಸಿನ ಎಣಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಫಿಟ್ಸಿಲ್ಲದೆ ಕಳೆದ ದಿನಗಳ ಸಾಲು ಉದ್ದವಾಯಿತು, ಸಂಕಟ ಇಳಿಯಿತು, ಬದುಕು ಹಗುರಾಯಿತು. ಬದುಕಿಗೆ ಮರಳುವುದನ್ನೂ ಗುಣವೆಂದೇ ನಾವು ಎಣಿಸಬೇಕು.

ನೆರವು ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ತರಬೇತಿ ಕೊಟ್ಟರೆ ಮನಸ್ಸಿನ ಕಾಯಿಲೆ ನೋಡಬಲ್ಲರು ಎಂದು ನಮ್ಮ ಬಳ್ಳಾರಿ ಜಿಲ್ಲೆಯ ಪ್ರಯೋಗ ತೋರಿಸಿಕೊಟ್ಟಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರದ ಚಿಕಿತ್ಸಾಲಯಗಳು ತೆರೆದವು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಪ್ಯಾರಿಸಿನ ಮಂಗಳವಾರದಲ್ಲಿ ರೋಗಿಯನ್ನು ಸಭೆ ನೋಡುತ್ತಿತ್ತು, ನಮ್ಮ ಮಂಗಳವಾರದಲ್ಲಿ ರೋಗಿಯ ಮಾತು ಕೇಳುವವರಿರಲಿ. ಫೋನಿನಲ್ಲೇ ಮಾತಾಡಬೇಕೆನಿಸಿದರೆ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: 14416.

ಕೊನೆಗೆ ಹೇಳುತ್ತೇನೆಂದ ಎರಡು ಸಂಗತಿಗಳು ಉಳಿದಿವೆ. 1999ರ ಆ ಅಧ್ಯಯನದಲ್ಲಿ ಬರೀ ಮೈನೋವು ಹೇಳಿಕೊಂಡವರು ಶೇಕಡಾ 69 ಎಂದೆ. ಮನಸ್ಸಿಗೆ ಹೇಗಿದೆ ಎಂದು ನೇರವಾಗಿ ಕೇಳಿದಾಗಲೂ ಏನೂ ಇಲ್ಲ ಎಂದವರು ಶೇಕಡಾ 11 ಮಾತ್ರ. ಮಿಕ್ಕವರು ಹೇಳಿದರು. ಯಾರಾದರೂ ಕೇಳಲಿ ಎಂದೇ ಆ ಮಾತು ಕಾದಿತ್ತು. ಎರಡನೆಯದು, ಗುರುತಿನ ಒಬ್ಬ ವೈದ್ಯರು ನಿರಂತರವಾಗಿ ನೋಡುವ ವ್ಯವಸ್ಥೆ ಎಲ್ಲಿರಲಿಲ್ಲವೋ ಅಲ್ಲಿಯೇ ಮೈಯ ದೂರು ಮಾತ್ರ ಹೇಳುವವರು ಹೆಚ್ಚು. ಮುಖ ಪರಿಚಯವಿಲ್ಲದವರ ಮುಂದೆ ಎದೆ ತೋಡಿಕೊಳ್ಳುವುದು ಯಾವ ದೇಶದವರಿಗೂ ಸುಲಭವಲ್ಲ.

ಕೇಳುವ ಮಾತು ಬಂದಾಗ ನನಗೆ ಒಬ್ಬರು ನೆನಪಾಗುತ್ತಾರೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಬಾನುಲಿ ಕೇಂದ್ರ ತೆರೆದರು. ಆಕಾಶವಾಣಿ ಎಂಬ ಹೆಸರು ಬಾನುಲಿಗೆ ಅಂಟಿದ್ದು ಅಲ್ಲಿ. ಮನಸ್ಸನ್ನು ಓದಿದವರು ಜನರ ಕಿವಿಗಾಗಿ ಯಂತ್ರ ಹೂಡಿದ್ದು ನನಗೆ ಸಹಜವಾಗಿಯೇ ಕಾಣುತ್ತದೆ. ಕನ್ನಡದಲ್ಲಿ ಎರಡು ಕೆಲಸಕ್ಕೆ ಇರುವುದು ಒಂದೇ ಪದ: ಕೇಳುವುದು ಎಂದರೆ ಪ್ರಶ್ನೆ ಹಾಕುವುದು, ಕೇಳುವುದು ಎಂದರೆ ಕಿವಿಗೊಡುವುದು.

ನಮ್ಮ ದೊಡ್ಡಮ್ಮನ ಕೈ ನಾಲ್ಕು ತಿಂಗಳಲ್ಲಿ ನಿಧಾನವಾಗಿ ಸರಿಯಾಯಿತು. ಯಾಕೆ ಬಿದ್ದಿತ್ತು ಎಂದು ಇಂದು ನಾನು ಕಥೆ ಕಟ್ಟಲಾರೆ. ಇಂಥ ತೊಂದರೆಗೆ ಮನಸ್ಸಿನ ಪೆಟ್ಟೊಂದನ್ನು ಹುಡುಕಿ ತೋರಿಸಲೇಬೇಕೆಂಬ ನಿಯಮವನ್ನು 2013ರ ಕೈಪಿಡಿಯೂ ಕೈಬಿಟ್ಟಿದೆ. ಅವರು ಮತ್ತೆ ಒರಳಿನ ಮುಂದೆ ಕೂತರು, ಎಂಬತ್ತು ದಾಟಿ ಬಾಳಿದರು. ಆ ನಾಲ್ಕು ತಿಂಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಗಾಳಿ ಎಂದವರೂ, ನಾಟಕ ಎಂದವರೂ, ಏನೂ ಇಲ್ಲ ಎಂದವರೂ ಅವರ ಕೈಯನ್ನು ಬೇಕಾದಷ್ಟು ನೋಡಿದರು. ‘ಅಕ್ಕಾ, ನಿಮಗೆ ಏನಾಗ್ತಿದೆ?’ ಎಂದು ಪಕ್ಕದಲ್ಲಿ ಕೂತು ಯಾರೂ ಕೇಳಲಿಲ್ಲ. ದೊಡ್ಡವನಾದ ಮೇಲೆ, ಇದನ್ನೆಲ್ಲ ಓದಿದ ಮೇಲೆ, ನಾನೂ ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಯಾರದಾದರೂ ಕೈ ಹೀಗೆ ಬಿದ್ದಿದ್ದರೆ, ತಲೆ ಹೀಗೆ ನೋಯುತ್ತಿದ್ದರೆ, ರಿಪೋರ್ಟು ನಾರ್ಮಲ್ ಬಂದಿದ್ದರೆ, ಇವತ್ತು ರಾತ್ರಿ ಊಟವಾದ ಮೇಲೆ ಅವರ ಹತ್ತಿರ ಒಂದಿಷ್ಟು ಹೊತ್ತು ಕೂತು ಕೇಳಿ.